‘ನೋಡೋಣ’ ಅಂದರೆ ಏನು? ಸಾಫ್ಟ್‌ವೇರ್‌ಗೆ ಹೇಳಿಕೊಡುವವರು ಬೇಕು

ದ್ವಿತೀಯ ಪಿಯುಸಿ ಫಲಿತಾಂಶ ಬಂದ ವಾರ ನಿಮ್ಮ ಫೋನಿಗೆ ಎಷ್ಟು ಕಾಲೇಜುಗಳಿಂದ ಕರೆ ಬಂದಿತ್ತು, ನೆನಪಿದೆಯಾ? ಕಟ್ ಆಫ್ ರ‍್ಯಾಂಕ್ ನೋಡೋಣ ಅಂತ ಎಲ್ಲೋ ಒಂದು ಕಡೆ ಮೊಬೈಲ್ ನಂಬರ್ ಕೊಟ್ಟಿರುತ್ತೀರಿ. ಅರ್ಧ ಗಂಟೆಯೊಳಗೆ ಮೊದಲ ಕರೆ. ‘ಇಂಜಿನಿಯರಿಂಗ್‌ಗೆ ವಿಚಾರಿಸಿದ್ರಿ ಅಲ್ವಾ?’ ಬೇಡ ಅಂದರೂ ಮರುದಿನ ಇನ್ನೊಂದು ಧ್ವನಿ, ಅದೇ ಪ್ರಶ್ನೆ. ನೀವು ಬಿ.ಕಾಂ. ಸೇರಿ ಮೊದಲ ಸೆಮಿಸ್ಟರ್ ಪರೀಕ್ಷೆ ಬರೆಯುವ ಹೊತ್ತಿಗೂ ‘ಕೆಲವೇ ಸೀಟುಗಳು ಬಾಕಿ’ ಎಂಬ ಮೆಸೇಜ್ ಬರುತ್ತಲೇ ಇರುತ್ತದೆ.

ಮಾರಾಟದ ಭಾಷೆಯಲ್ಲಿ ಆಗ ನೀವೊಂದು ‘ಲೀಡ್’. ಅಂದರೆ ಇನ್ನೂ ಕೊಳ್ಳದ, ಆದರೆ ವಿಚಾರಿಸಿದ ವ್ಯಕ್ತಿ. ಡಿಗ್ರಿ ಮುಗಿದ ಮೇಲೆ ಕೆಲಸ ಹುಡುಕಲು ಹೊರಟರೆ ಇದೇ ಲೋಕ ಇನ್ನೊಂದು ಬಾಗಿಲಿನಿಂದ ಕರೆಯುತ್ತದೆ. ಬಿಸಿನೆಸ್ ಡೆವಲಪ್‌ಮೆಂಟ್ ಎಕ್ಸಿಕ್ಯೂಟಿವ್, ಇನ್‌ಸೈಡ್ ಸೇಲ್ಸ್, ಅಡ್ಮಿಷನ್ ಕೌನ್ಸೆಲರ್, ಸಿಆರ್‌ಎಂ ಎಕ್ಸಿಕ್ಯೂಟಿವ್ ಎಂದು ಹೆಸರು ಏನೇ ಇರಲಿ, ಕೆಲಸ ಒಂದೇ: ನಿನ್ನೆಯವರೆಗೆ ಕರೆ ಸ್ವೀಕರಿಸುತ್ತಿದ್ದ ನೀವು ಇನ್ನು ಕರೆ ಮಾಡಬೇಕು. ಬಿಎ, ಬಿಬಿಎ, ಬಿ.ಕಾಂ., ಕೊನೆಗೆ ಕ್ಯಾಂಪಸ್ ಸಿಗದ ಇಂಜಿನಿಯರಿಂಗ್ ಪದವೀಧರರಿಗೂ ಬೇಗ ಸಿಗುವ ಕೆಲಸಗಳಲ್ಲಿ ಇದೊಂದು. ಹಾಗಾಗಿ ಇದನ್ನು ಕೀಳಾಗಿ ಕಾಣುವ ಬದಲು ಇದರ ಒಳಗೇನಿದೆ ಎಂದು ತಿಳಿದುಕೊಳ್ಳುವುದು ಒಳ್ಳೆಯದು ಎನ್ನುವುದು ನನ್ನ ಅಭಿಪ್ರಾಯ.

ನಾನು ಶಿವಮೊಗ್ಗದಲ್ಲಿ ಮನೆಗಳ ಚಾವಣಿಗೆ ಸೋಲಾರ್ ಹಾಕಿಕೊಡುವ ಒಂದು ಸಣ್ಣ ಸಂಸ್ಥೆಯಲ್ಲಿ ಈ ಲೀಡ್‌ಗಳನ್ನು ನೋಡಿಕೊಳ್ಳುತ್ತೇನೆ. ಪ್ಯಾನೆಲ್ ಏರಿಸುವುದು ಬೇರೆಯವರು. ನನ್ನದು ಫೋನು, ವಾಟ್ಸ್ಆ್ಯಪ್ ಮತ್ತು ಒಂದು ಸಾಫ್ಟ್‌ವೇರ್.

ಈ ಸಾಫ್ಟ್‌ವೇರ್ ಏಕೆ ಬಂತು ಎನ್ನುವುದು ಸರಳ. ವಿಚಾರಿಸಿದವರೆಲ್ಲ ಅಂದೇ ಕೊಳ್ಳುವುದಿಲ್ಲ. ಹಳೆಯ ಜವಳಿ ಅಂಗಡಿಯವರು ‘ಇವರ ಮಗಳ ಮದುವೆ ಮಾಘದಲ್ಲಿ’ ಎಂದು ತಲೆಯಲ್ಲೇ ಇಟ್ಟುಕೊಂಡು, ಸರಿಯಾದ ಸಮಯಕ್ಕೆ ಹೇಳಿ ಕಳಿಸುತ್ತಿದ್ದರು. ವಿಚಾರಿಸುವವರು ಸಾವಿರಗಟ್ಟಲೆ ಆದಾಗ ತಲೆ ಸಾಲದು. ಆ ನೆನಪಿನ ಕೆಲಸವನ್ನು ಯಂತ್ರಕ್ಕೆ ಒಪ್ಪಿಸುವುದೇ ಮಾರ್ಕೆಟಿಂಗ್ ಆಟೊಮೇಷನ್. 1999ರಲ್ಲಿ ಟೊರೊಂಟೊದಲ್ಲಿ ಎಲೊಕ್ವಾ ಶುರುವಾಯಿತು. 2006ರಲ್ಲಿ ಅಮೆರಿಕದಲ್ಲಿ ಹಬ್‌ಸ್ಪಾಟ್ ಮತ್ತು ಮಾರ್ಕೆಟೊ ಹುಟ್ಟಿದವು. ಮಾರ್ಕೆಟೊವನ್ನು 2018ರಲ್ಲಿ ಅಡೋಬಿ 475 ಕೋಟಿ ಡಾಲರ್ ಕೊಟ್ಟು ಕೊಂಡಿತು. ನಮ್ಮ ಬೆಂಗಳೂರಿನಲ್ಲೇ 2011ರಲ್ಲಿ ಲೀಡ್‌ಸ್ಕ್ವೇರ್ಡ್ ಆರಂಭವಾಯಿತು, ಚೆನ್ನೈನ ಜೋಹೊ ಅಂತೂ ಸಣ್ಣಪುಟ್ಟ ಅಂಗಡಿಗಳವರೆಗೂ ತಲುಪಿದೆ. ಹೆಸರು ಬೇರೆ ಬೇರೆ, ಒಳಗಿನ ಯಂತ್ರ ಹೆಚ್ಚೂಕಡಿಮೆ ಒಂದೇ.

ಅದು ಕೆಲಸ ಮಾಡುವ ಬಗೆ ಹೀಗೆ. ನೀವು ಫಾರ್ಮ್ ತುಂಬಿದಿರಿ, ನಿಮಗೆ 10 ಅಂಕ. ಬ್ರೋಷರ್ ಇಳಿಸಿಕೊಂಡಿರಿ, ಇನ್ನೊಂದು 10. ಬೆಲೆಯ ಪುಟವನ್ನು ಎರಡು ಸಲ ನೋಡಿದಿರಿ, 20. ಅಂಕ ಒಂದು ಮಟ್ಟ ದಾಟಿದರೆ ಕರೆ ಮಾಡುವ ಹುಡುಗನ ಪರದೆಯಲ್ಲಿ ನಿಮ್ಮ ಹೆಸರು ಮೇಲೇರುತ್ತದೆ. ದಾಟದಿದ್ದರೆ ಮೊದಲ ದಿನ ಒಂದು ಮೆಸೇಜ್, ಮೂರನೇ ದಿನ ಒಂದು ವಿಡಿಯೊ, ವಾರದ ಮೇಲೆ ಒಂದು ಆಫರ್. ಈ ಸರಣಿಗೆ ‘ಡ್ರಿಪ್’ ಎಂದೇ ಹೆಸರು. ಹನಿ ನೀರಾವರಿ ಗೊತ್ತಿರುವವರಿಗೆ ಇದರ ಆಸೆಯೂ ಅರ್ಥವಾಗುತ್ತದೆ, ಅಪಾಯವೂ ಅರ್ಥವಾಗುತ್ತದೆ. ಪೈಪು ಎಳೆದುಬಿಟ್ಟರೆ ಸಾಲದು. ಯಾವ ಗಿಡ, ಯಾವ ಮಣ್ಣು, ಈಗ ಹೂವಿನ ಹೊತ್ತೋ ಕಾಯಿಯ ಹೊತ್ತೋ ಎಂದು ತಿಳಿದು ನೀರು ಬಿಡಬೇಕು. ಮಳೆಗಾಲದಲ್ಲೂ ಟೈಮರ್ ಪ್ರಕಾರ ನೀರು ಬಿಡುತ್ತಾ ಹೋದರೆ ಬೇರು ಕೊಳೆಯುತ್ತದೆ.

ನಮ್ಮ ಸೋಲಾರ್ ವ್ಯಾಪಾರದಲ್ಲಿ ಈ ಮಾತು ಅಕ್ಷರಶಃ ನಿಜ. ಮಲೆನಾಡಿನ ಮಳೆಗಾಲದಲ್ಲಿ ಚಾವಣಿ ಹತ್ತುವ ಹಾಗೇ ಇಲ್ಲ. ಜೂನ್‌ನಲ್ಲಿ ವಿಚಾರಿಸಿದವರಿಗೆ ಜುಲೈನಲ್ಲಿ ನಾಲ್ಕು ಸಲ ‘ಇಂದೇ ಬುಕ್ ಮಾಡಿ’ ಎಂದು ಕಳಿಸಿದರೆ ಅವರು ನಮ್ಮನ್ನು ಬ್ಲಾಕ್ ಮಾಡುತ್ತಾರೆ, ಅಷ್ಟೆ. ಜೊತೆಗೆ ಆಷಾಢ. ಹೊಸದೇನನ್ನೂ ಮನೆಗೆ ತರದವರು ಇಂದಿಗೂ ಬಹಳ ಮಂದಿ. ಅದಕ್ಕಿಂತ ದೊಡ್ಡದು ಅಡಿಕೆ. ಕೊಯ್ಲಾಗಿ, ಬೇಯಿಸಿ, ಒಣಗಿಸಿ, ಮಾರಿದ ಮೇಲಷ್ಟೇ ತೋಟದ ಮನೆಯಲ್ಲಿ ದೊಡ್ಡ ಖರ್ಚಿನ ಮಾತು. ನಮ್ಮ ಸಾಫ್ಟ್‌ವೇರ್ ಬಂದಾಗ ಅದರೊಳಗೆ ಸಿದ್ಧವಾಗಿ ಬಂದಿದ್ದ ಕ್ಯಾಲೆಂಡರ್‌ನಲ್ಲಿ ಬ್ಲ್ಯಾಕ್ ಫ್ರೈಡೇ ಇತ್ತು, ಕ್ರಿಸ್ಮಸ್ ಸೇಲ್ ಇತ್ತು. ಅಡಿಕೆ ಕೊಯ್ಲು ಎಲ್ಲಿಂದ ಬರಬೇಕು?

ಇನ್ನೊಂದು ಉದಾಹರಣೆ ಹೇಳುತ್ತೇನೆ. ಚಾವಣಿ ಸೋಲಾರ್‌ಗೆ ಕೇಂದ್ರದ ಪಿಎಂ ಸೂರ್ಯ ಘರ್ ಯೋಜನೆ 2024ರಲ್ಲಿ ಬಂತು. 3 ಕಿಲೋವ್ಯಾಟ್‌ಗೆ 78,000 ರೂಪಾಯಿ ಸಹಾಯಧನ. ದೇಶದಲ್ಲೆಲ್ಲ ಸೋಲಾರ್ ಮಾರುವವರ ಮೊದಲ ಸಾಲು ಒಂದೇ: ‘ವಿದ್ಯುತ್ ಬಿಲ್ ಶೂನ್ಯ ಮಾಡಿ!’ ಕರ್ನಾಟಕದಲ್ಲಿ ಗೃಹಜ್ಯೋತಿ ಇರುವಾಗ ಮಿತಿಯೊಳಗೆ ಬಳಸುವ ಮನೆಗೆ ಬಿಲ್ ಈಗಾಗಲೇ ಶೂನ್ಯ. ಅವರಿಗೆ ಆ ಮೆಸೇಜ್ ಹೋದರೆ ನಗುತ್ತಾರೆ. ಆದರೆ ಬಳಕೆ ತಿಂಗಳಿಗೆ 200 ಯೂನಿಟ್ ದಾಟಿದರೆ ಪೂರ್ತಿ ಬಿಲ್ ಕಟ್ಟಬೇಕು. ದೊಡ್ಡ ಕುಟುಂಬ, ಎರಡು ಫ್ರಿಜ್, ಗೀಸರ್, ಮೇಲಿನ ಮಹಡಿಯಲ್ಲಿ ಮಗನ ಸಂಸಾರ ಇರುವ ಮನೆಯ ಸಂಕಟ ಅದು. ಒಂದೇ ಊರು, ಒಂದೇ ಬೀದಿ, ಒಂದೇ ಫಾರ್ಮ್. ಒಬ್ಬರಿಗೆ ನಮ್ಮ ಮಾತು ಅಸಂಬದ್ಧ, ಪಕ್ಕದ ಮನೆಯವರಿಗೆ ಅದೇ ಬೇಕಾದ ಮಾತು. ಇವರಿಬ್ಬರನ್ನು ಬೇರೆ ಮಾಡಲು ಯಾವ ಕೃತಕ ಬುದ್ಧಿಮತ್ತೆಯೂ ಬೇಡ, ‘ನಿಮ್ಮ ಕಳೆದ ತಿಂಗಳ ಬಿಲ್ ಎಷ್ಟು ಬಂತು?’ ಎಂಬ ಒಂದು ಪ್ರಶ್ನೆ ಸಾಕು. ಆ ಪ್ರಶ್ನೆಯನ್ನು ಫಾರ್ಮ್‌ನಲ್ಲಿ ಹಾಕಬೇಕು ಎಂದು ಹೊಳೆಯಬೇಕಾದರೆ ಮಾತ್ರ ನಿಮಗೆ ಈ ಊರು ಗೊತ್ತಿರಬೇಕು.

ಇನ್ನು ಮಂಗಗಳ ವಿಷಯ. ತೀರ್ಥಹಳ್ಳಿ, ಸಾಗರದ ಕಡೆಯಿಂದ ಕರೆ ಮಾಡುವವರು ಬೆಲೆ ಕೇಳುವ ಮೊದಲೇ ಕೇಳುವುದು ‘ಮಂಗ ಹಾರಿದ್ರೆ ಒಡೆಯುತ್ತಾ?’ ಎಂದು. ಎರಡನೆಯದು, ‘ನಮ್ದು ಹೆಂಚಿನ ಮನೆ, ಕೂರುತ್ತಾ?’ ಮೂರನೆಯದು, ‘ಸುತ್ತ ತೋಟ, ಹನ್ನೊಂದು ಗಂಟೆವರೆಗೆ ಬಿಸಿಲೇ ಬೀಳಲ್ಲ, ಏನು ಮಾಡ್ತೀರಿ?’ ನಮ್ಮ ಡ್ರಿಪ್ ಸರಣಿಯಲ್ಲಿ ಮೊದಲು ಏನಿತ್ತು ಗೊತ್ತೇ? ಸೋಲಾರ್‌ನ ಐದು ಲಾಭಗಳು, ಪರಿಸರಕ್ಕೆ ನಿಮ್ಮ ಕೊಡುಗೆ, ಕಂತಿನ ಸೌಲಭ್ಯ. ಎಲ್ಲ ಸರಿ, ಮಂಗ ಎಲ್ಲಿ? ನಮ್ಮಲ್ಲಿ ಪ್ಯಾನೆಲ್ ಕೂರಿಸುವ ಹಿರಿಯ ಮೆಕ್ಯಾನಿಕ್ ಒಬ್ಬರನ್ನು ಚಾವಣಿಯ ಮೇಲೆ ನಿಲ್ಲಿಸಿ, ಈ ಮೂರು ಪ್ರಶ್ನೆಗಳಿಗೆ ಅವರದೇ ಮಾತಿನಲ್ಲಿ ಉತ್ತರ ಹೇಳಿಸಿ, ಒಂದೊಂದು ನಿಮಿಷದ ವಿಡಿಯೊ ಮಾಡಿದೆವು. ದಟ್ಟ ನೆರಳಿರುವ ಮನೆಗೆ ‘ಇಲ್ಲಿ ಹಾಕಿಸಬೇಡಿ’ ಎಂದೇ ಅವರು ಹೇಳುತ್ತಾರೆ. ಆ ವಿಡಿಯೊಗಳಿಗೆ ವಾಪಸ್ ಮೆಸೇಜ್ ಬರುತ್ತದೆ, ಜನ ತಮ್ಮ ಮನೆಯ ಫೋಟೊ ತೆಗೆದು ಕಳಿಸುತ್ತಾರೆ. ಐದು ಲಾಭಗಳಿಗೆ ಯಾರೂ ಫೋಟೊ ಕಳಿಸಿದ್ದಿಲ್ಲ.

ಲೀಡ್‌ಗಳನ್ನು ಪೋಷಿಸುವುದು ಎನ್ನುತ್ತಾರಲ್ಲ, ನನ್ನ ಮಟ್ಟಿಗೆ ಅದು ಇಷ್ಟೆ. ಅವರ ಪ್ರಶ್ನೆಗೆ ಅವರು ಕೊಳ್ಳಲಿ ಬಿಡಲಿ ಉತ್ತರ ಕೊಡುವುದು. ಸೇತ್ ಗೋಡಿನ್ ಎಂಬ ಅಮೆರಿಕದ ಲೇಖಕ 1999ರಲ್ಲೇ ‘ಪರ್ಮಿಷನ್ ಮಾರ್ಕೆಟಿಂಗ್’ ಎಂಬ ಪುಸ್ತಕ ಬರೆದು, ಜನರ ಗಮನವನ್ನು ಕಿತ್ತುಕೊಳ್ಳುವ ಬದಲು ಅನುಮತಿ ಕೇಳಿ ಪಡೆಯಬೇಕು ಎಂದು ವಾದಿಸಿದ್ದರು. ಸಾಫ್ಟ್‌ವೇರ್‌ಗಳು ಆ ಮಾತಿನ ಹೆಸರಲ್ಲೇ ಬೆಳೆದವು. ಕೈಗೆ ಬಂದ ಮೇಲೆ ಹೆಚ್ಚಿನವರು ಅವನ್ನು ಬಳಸಿದ್ದು ಕಿತ್ತುಕೊಳ್ಳುವುದನ್ನು ಅಗ್ಗ ಮಾಡಲು.

ಇಲ್ಲಿ ಭಾಷೆಯ ಮಾತು ಬರುತ್ತದೆ. ಕರೆ ಮುಗಿದ ಮೇಲೆ ಪರದೆಯಲ್ಲಿ ಒಂದು ಆಯ್ಕೆ ಒತ್ತಬೇಕು: ಆಸಕ್ತಿ ಇದೆ, ಆಸಕ್ತಿ ಇಲ್ಲ, ಮತ್ತೆ ಕರೆ ಮಾಡಿ, ಆರ್‌ಎನ್‌ಆರ್. ಕೊನೆಯದು ‘ರಿಂಗ್ ಆಯಿತು, ಎತ್ತಲಿಲ್ಲ’ ಎಂಬುದರ ಸಂಕ್ಷಿಪ್ತ ರೂಪ. ನಮ್ಮ ಜನ ಈ ನಾಲ್ಕರಲ್ಲಿ ಯಾವುದನ್ನೂ ಹೇಳುವುದಿಲ್ಲ. ಅವರು ‘ನೋಡೋಣ’ ಅನ್ನುತ್ತಾರೆ. ‘ನೋಡೋಣ ಬಿಡಿ’ ಅಂದರೆ ಬೇಡ. ‘ನೋಡೋಣ, ಯಜಮಾನ್ರು ಬರ್ಲಿ’ ಅಂದರೆ ನಿರ್ಧಾರ ಮಾಡುವವರು ಬೇರೆ, ನೀವು ತಪ್ಪು ವ್ಯಕ್ತಿಯ ಜೊತೆ ಮಾತಾಡುತ್ತಿದ್ದೀರಿ. ‘ನೋಡೋಣ, ಆಷಾಢ ಕಳೀಲಿ’ ಅಂದರೆ ಹೆಚ್ಚುಕಡಿಮೆ ಒಪ್ಪಿಗೆ. ‘ನೋಡೋಣ, ಅಣ್ಣತಮ್ಮಂದಿರ ಭಾಗ ಆಗ್ಬೇಕು’ ಅಂದರೆ ಮನೆ ಯಾರ ಹೆಸರಿಗೆ ಎಂಬುದೇ ಇತ್ಯರ್ಥವಾಗಿಲ್ಲ, ವರ್ಷವಾದರೂ ಆಗಬಹುದು, ಆ ವಿಷಯ ಮತ್ತೆ ಎತ್ತುವುದೂ ಮರ್ಯಾದೆಯಲ್ಲ. ಯಂತ್ರಕ್ಕೆ ಇವೆಲ್ಲವೂ ‘ಮತ್ತೆ ಕರೆ ಮಾಡಿ’. ನಾಲ್ವರಿಗೂ ಮೂರನೇ ದಿನ ಅದೇ ವಿಡಿಯೊ.

ಆ ಆಯ್ಕೆಗಳ ಕೆಳಗೆ ಒಂದು ಸಣ್ಣ ಖಾಲಿ ಚೌಕ ಇರುತ್ತದೆ. ಟಿಪ್ಪಣಿ ಬರೆಯುವ ಜಾಗ. ಬಹುತೇಕ ಕಚೇರಿಗಳಲ್ಲಿ ಅದು ಖಾಲಿಯೇ ಇರುತ್ತದೆ, ಏಕೆಂದರೆ ದಿನಕ್ಕೆ ಇಷ್ಟು ಕರೆ ಎಂಬ ಲೆಕ್ಕದಲ್ಲಿ ಬರೆಯುವ ಸಮಯಕ್ಕೆ ಅಂಕವಿಲ್ಲ. ಲಕ್ಷಗಟ್ಟಲೆ ಕೊಟ್ಟು ತಂದ ಸಾಫ್ಟ್‌ವೇರ್‌ನಲ್ಲಿ ಅತ್ಯಂತ ಬೆಲೆಯುಳ್ಳ ಜಾಗ ಅದೇ ಎಂದು ನಾನು ನಂಬಿದ್ದೇನೆ. ಅಲ್ಲಿ ‘ಅಡಿಕೆ ಮಾರಿದ ಮೇಲೆ, ಜನವರಿ, ಮಗಳ ಜೊತೆ ಮಾತಾಡಬೇಕು, ಮಂಗದ ಭಯ’ ಎಂದು ಬರೆದಿದ್ದರೆ ಮುಂದಿನ ಕರೆ ಮಾಡುವವರು ಯಾರೇ ಆದರೂ ಪರಿಚಯದವರಂತೆ ಮಾತಾಡಬಹುದು. ಅದನ್ನು ಬರೆಯುವವರು ಮ್ಯಾನೇಜರ್ ಅಲ್ಲ, ಮಾಲೀಕರೂ ಅಲ್ಲ. ಆಗಷ್ಟೇ ಕೆಲಸಕ್ಕೆ ಸೇರಿದ, ಹೆಡ್‌ಫೋನ್ ಹಾಕಿ ಕೂತ ನಿಮ್ಮಂಥವರು.

‘ಗ್ರಾಹಕ ಮೇಲ್ ತೆರೆದಿದ್ದಾನೋ ಇಲ್ಲವೋ ಸಾಫ್ಟ್‌ವೇರ್‌ಗೇ ಗೊತ್ತಾಗುತ್ತಲ್ಲ, ಟಿಪ್ಪಣಿ ಯಾಕೆ?’ ಎಂದು ಕೇಳಬಹುದು. ಅದೂ ಪೂರ್ತಿ ನಂಬುವ ಹಾಗಿಲ್ಲ. 2021ರಲ್ಲಿ ಆ್ಯಪಲ್ ತನ್ನ ಮೇಲ್ ಆ್ಯಪ್‌ನಲ್ಲಿ ಖಾಸಗಿತನದ ಹೊಸ ವ್ಯವಸ್ಥೆ ತಂದಿತು. ಮೇಲ್‌ನೊಳಗಿನ ಚಿತ್ರಗಳನ್ನು ಫೋನೇ ಮೊದಲು ಇಳಿಸಿಕೊಳ್ಳುವುದರಿಂದ, ಓದದೆ ಬಿಟ್ಟ ಮೇಲ್ ಕೂಡ ‘ತೆರೆಯಲಾಗಿದೆ’ ಎಂದೇ ದಾಖಲಾಗಬಹುದು. ಕಣ್ಣೇ ಹಾಯಿಸದವರಿಗೂ ಅಂಕ ಏರುತ್ತದೆ, ಕರೆ ಹೋಗುತ್ತದೆ. ಬೆಲೆಯ ಪುಟವನ್ನು ಐದು ಸಲ ನೋಡಿದವರು ಕೊಳ್ಳಲು ಹೊರಟವರೇ ಆಗಬೇಕಿಲ್ಲ. ನಮ್ಮ ಬೆಲೆ ತಿಳಿದುಕೊಳ್ಳುವ ಎದುರು ಅಂಗಡಿಯವರೂ ಆಗಿರಬಹುದು, ಕಾಲೇಜು ಪ್ರಾಜೆಕ್ಟ್ ಮಾಡುವ ವಿದ್ಯಾರ್ಥಿಯೂ ಆಗಿರಬಹುದು.

ಯಂತ್ರವನ್ನು ತೆಗಳುವುದಷ್ಟೇ ನನ್ನ ಉದ್ದೇಶವಲ್ಲ. ವೇಗದಲ್ಲಿ ಅದಕ್ಕೆ ನಾವು ಸಾಟಿಯಲ್ಲ, ವೇಗಕ್ಕೆ ಬೆಲೆಯೂ ಇದೆ. 2011ರಲ್ಲಿ ಹಾರ್ವರ್ಡ್ ಬಿಸಿನೆಸ್ ರಿವ್ಯೂ ಪ್ರಕಟಿಸಿದ ಒಂದು ಅಧ್ಯಯನ ಈ ರಂಗದಲ್ಲಿ ಬಹಳ ಪ್ರಸಿದ್ಧ. 2,241 ಅಮೆರಿಕನ್ ಕಂಪನಿಗಳನ್ನು ಪರೀಕ್ಷಿಸಿದಾಗ ಶೇ 23ರಷ್ಟು ಕಂಪನಿಗಳು ವಿಚಾರಿಸಿದವರಿಗೆ ಉತ್ತರವನ್ನೇ ಕೊಟ್ಟಿರಲಿಲ್ಲ. ಒಂದು ಗಂಟೆಯೊಳಗೆ ಸಂಪರ್ಕಿಸಿದವರಿಗೆ, ಇನ್ನೊಂದು ಗಂಟೆ ತಡಮಾಡಿದವರಿಗಿಂತ ನಿರ್ಧಾರ ಮಾಡುವ ವ್ಯಕ್ತಿಯ ಜೊತೆ ಅರ್ಥಪೂರ್ಣ ಮಾತುಕತೆ ಸಿಗುವ ಸಾಧ್ಯತೆ ಸುಮಾರು ಏಳು ಪಟ್ಟು ಹೆಚ್ಚು ಎಂದು ಅದು ಹೇಳಿತು. ಕೇಳಿದವರಿಗೆ ಬೇಗ ಉತ್ತರ ಕೊಡುವುದು ಮರ್ಯಾದೆ ಕೂಡ. ತೊಂದರೆ ಏನೆಂದರೆ, ಈ ಪಾಠದ ಮೊದಲರ್ಧವನ್ನಷ್ಟೇ ಎಲ್ಲರೂ ಕಲಿತರು. ಮೊದಲ ಕರೆ ಬೇಗ ಹೋಗಬೇಕು ಎನ್ನುವುದು ಎಲ್ಲ ಕರೆಗಳೂ ಹೋಗುತ್ತಲೇ ಇರಬೇಕು ಎಂದಾಯಿತು.

ಒತ್ತಡ ಹೇರಿದರೆ ಮಾರಾಟ ಆಗುವುದಿಲ್ಲವೇ? ಆಗುತ್ತದೆ. ಆಗುವುದರಿಂದಲೇ ಅದು ನಿಲ್ಲುತ್ತಿಲ್ಲ. ಮಗುವಿನ ಭವಿಷ್ಯ ಎಂದು ಹೆದರಿಸಿದರೆ ಸಾಲ ಮಾಡಿಯಾದರೂ ಹಣ ಕಟ್ಟುವ ತಂದೆತಾಯಿ ಎಲ್ಲ ಊರಲ್ಲೂ ಇದ್ದಾರೆ. 2022ರ ಡಿಸೆಂಬರ್‌ನಲ್ಲಿ ರಾಷ್ಟ್ರೀಯ ಮಕ್ಕಳ ಹಕ್ಕುಗಳ ರಕ್ಷಣಾ ಆಯೋಗ ಬೆಂಗಳೂರಿನ ಬೈಜೂಸ್ ಕಂಪನಿಯ ಮುಖ್ಯಸ್ಥರಿಗೆ ಸಮನ್ಸ್ ನೀಡಿದ್ದು ಇಂಥದೇ ಆರೋಪಗಳ ಮೇಲೆ. ಅಂಥ ಕರೆಗಳನ್ನು ಮಾಡುವವರು ಯಾರು? ಬಹುತೇಕ ಇಪ್ಪತ್ತೆರಡು, ಇಪ್ಪತ್ತಮೂರು ವಯಸ್ಸಿನವರು. ಅವರ ಮೇಲೂ ಒತ್ತಡ ಇರುತ್ತದೆ, ತಿಂಗಳ ಕೊನೆಯ ಗುರಿ ಇರುತ್ತದೆ, ಮನೆಯಲ್ಲಿ ಅವರ ಸಂಬಳಕ್ಕೆ ಕಾದವರಿರುತ್ತಾರೆ. ಈ ವೃತ್ತಿಯ ಕೆಟ್ಟ ಹೆಸರು ಹೊರುವವರು ಅವರೇ ಎನ್ನುವುದು ನನಗೆ ಎಲ್ಲಕ್ಕಿಂತ ಹೆಚ್ಚು ಬೇಸರದ ಸಂಗತಿ.

ಕಾನೂನು ನಿಧಾನವಾಗಿ ಬಿಗಿಯಾಗುತ್ತಿದೆ, ಕೆಲಸಕ್ಕೆ ಸೇರುವವರು ಅದನ್ನು ತಿಳಿದಿರಬೇಕು. ಟ್ರಾಯ್ 2018ರಲ್ಲಿ ತಂದ ನಿಯಮಾವಳಿಯ ಪ್ರಕಾರ ವಾಣಿಜ್ಯ ಎಸ್‌ಎಂಎಸ್ ಕಳಿಸುವ ಸಂಸ್ಥೆ ತನ್ನ ಹೆಸರನ್ನೂ ಮೆಸೇಜಿನ ಮಾದರಿಯನ್ನೂ ಮೊದಲೇ ನೋಂದಾಯಿಸಬೇಕು. ಈಗ ಕಳಿಸಿದವರ ಹೆಸರಿನ ಕೊನೆಯಲ್ಲಿ ‘ಪಿ’ ಇದ್ದರೆ ಪ್ರಚಾರ, ‘ಎಸ್’ ಇದ್ದರೆ ಸೇವೆ, ‘ಟಿ’ ಇದ್ದರೆ ವ್ಯವಹಾರ, ‘ಜಿ’ ಇದ್ದರೆ ಸರ್ಕಾರ. ಪ್ರಚಾರದ ಕರೆಗಳಿಗೆ 140ರಿಂದ ಶುರುವಾಗುವ ಸಂಖ್ಯೆ. ಬೇಡ ಎನ್ನುವವರು 1909ಕ್ಕೆ ತಿಳಿಸಬಹುದು. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ ಇನ್ನೂ ಮುಂದೆ ಹೋಗುತ್ತದೆ. ಒಪ್ಪಿಗೆ ಕೊಡುವುದು ಎಷ್ಟು ಸುಲಭವೋ ಹಿಂಪಡೆಯುವುದೂ ಅಷ್ಟೇ ಸುಲಭ ಇರಬೇಕು, ಒಪ್ಪಿಗೆ ಕೇಳುವ ಬರಹವನ್ನು ಕನ್ನಡದಲ್ಲೂ ಓದುವ ಅವಕಾಶ ಇರಬೇಕು, 18 ತುಂಬದವರ ಮಾಹಿತಿ ಬಳಸಲು ಪೋಷಕರ ಒಪ್ಪಿಗೆ ಬೇಕು, ಅವರ ಮೇಲೆ ಗುರಿಯಿಟ್ಟ ಜಾಹೀರಾತು ಕೂಡದು ಎನ್ನುತ್ತದೆ ಅದು. ಇದರ ನಿಯಮಗಳು 2025ರ ನವೆಂಬರ್‌ನಲ್ಲಿ ಪ್ರಕಟವಾಗಿದ್ದು, ಹಂತಹಂತವಾಗಿ ಜಾರಿಗೆ ಬರಲಿವೆ. ಪಿಯುಸಿ ಮಕ್ಕಳಲ್ಲಿ ಬಹಳಷ್ಟು ಮಂದಿಗೆ 18 ತುಂಬಿರುವುದಿಲ್ಲ ಎಂಬುದನ್ನು ನೆನಪಿಟ್ಟುಕೊಂಡು ಆ ಪ್ರವೇಶದ ಕರೆಗಳ ಬಗ್ಗೆ ಮತ್ತೊಮ್ಮೆ ಯೋಚಿಸಿ.

ಸರಿ, ಕೆಲಸ ಹುಡುಕುವವರು ಏನು ಕಲಿಯಬೇಕು? ಸಾಫ್ಟ್‌ವೇರ್ ಕಲಿಯುವುದು ಕಷ್ಟವಲ್ಲ. ಹಬ್‌ಸ್ಪಾಟ್ ಉಚಿತ ಕೋರ್ಸ್‌ಗಳನ್ನು ಕೊಡುತ್ತದೆ, ಜೋಹೊ ಸಿಆರ್‌ಎಂನ ಉಚಿತ ಆವೃತ್ತಿಯಲ್ಲಿ ಕೈ ಪಳಗಿಸಿಕೊಳ್ಳಬಹುದು. ಎಕ್ಸೆಲ್ ಚೆನ್ನಾಗಿ ಬಂದರೆ ಅರ್ಧ ಕೆಲಸ ಬಂದಂತೆ. ನಿಮ್ಮ ಊರಿನ ಒಂದು ಅಂಗಡಿಯನ್ನು ಆರಿಸಿಕೊಳ್ಳಿ, ಟ್ರ್ಯಾಕ್ಟರ್ ಷೋರೂಂ ಆಗಲಿ, ಟೈಪಿಂಗ್ ತರಬೇತಿ ಕೇಂದ್ರವಾಗಲಿ. ಅಲ್ಲಿ ಒಂದು ವಾರ ಕೂತು, ವಿಚಾರಿಸಲು ಬಂದು ಕೊಳ್ಳದೆ ಹೋದವರು ಹೇಳಿದ ಕಾರಣಗಳನ್ನು ಅವರ ಮಾತಿನಲ್ಲೇ ಬರೆದುಕೊಳ್ಳಿ. ಸಂದರ್ಶನಕ್ಕೆ ಆ ಹಾಳೆ ತೆಗೆದುಕೊಂಡು ಹೋದರೆ ಯಾವ ಸರ್ಟಿಫಿಕೇಟ್‌ಗಿಂತಲೂ ಹೆಚ್ಚು ಹೊತ್ತು ಮಾತು ನಡೆಯುತ್ತದೆ. ಬರೀ ಒಂದೇ ಸ್ಕ್ರಿಪ್ಟ್ ಓದುವ ಕರೆಗಳನ್ನು ಈಗಾಗಲೇ ಧ್ವನಿ ಬಾಟ್‌ಗಳು ಮಾಡುತ್ತಿವೆ. ಆ ಕೆಲಸ ಇನ್ನು ಬಹಳ ದಿನ ಉಳಿಯುತ್ತದೆ ಎಂದು ನನಗನಿಸುವುದಿಲ್ಲ. ಹಾವೇರಿಯ ‘ನೋಡೋಣ್ರಿ’ಗೂ ಮಂಡ್ಯದ ‘ನೋಡ್ಮ’ಕ್ಕೂ ಇರುವ ವ್ಯತ್ಯಾಸ ಕೇಳಿಸಿಕೊಳ್ಳುವ ಕಿವಿಗೆ ಸದ್ಯಕ್ಕೆ ಬೇಡಿಕೆ ಇದೆ. ಬೆಂಗಳೂರಿನ ಕಂಪನಿಗಳಿಗೆ ಅದು ಬೇಕು ಎಂದು ಗೊತ್ತಾಗಲು ಕೆಲವೊಮ್ಮೆ ನೀವೇ ಹೇಳಬೇಕಾಗುತ್ತದೆ, ಅಷ್ಟೆ.

ಸಂದರ್ಶನದಲ್ಲಿ ಕೊನೆಗೆ ‘ನಿಮ್ಮದೇನಾದರೂ ಪ್ರಶ್ನೆ ಇದೆಯೇ?’ ಎಂದು ಕೇಳುತ್ತಾರಲ್ಲ, ಆಗ ಒಂದು ಮಾತು ಕೇಳಿ: ‘ಗ್ರಾಹಕರು ಬೇಡ ಎಂದರೆ ಆ ಲೀಡ್ ಎಲ್ಲಿಗೆ ಹೋಗುತ್ತದೆ?’ ಕೆಲವರು ಪಟ್ಟಿಯಿಂದ ತೆಗೆಯುತ್ತೇವೆ ಎನ್ನುತ್ತಾರೆ. ನನ್ನ ಗೆಳೆಯನೊಬ್ಬ ಹೋಗಿದ್ದ ಕಡೆ, ‘ಬೇರೆ ಟೀಮ್‌ಗೆ ಹೋಗುತ್ತೆ, ಮೂರು ತಿಂಗಳಾದ ಮೇಲೆ ನಿಮಗೇ ವಾಪಸ್ ಬರುತ್ತೆ’ ಎಂದು ನಕ್ಕರಂತೆ. ನಂಬರ್‌ಗಳನ್ನು ಮುಚ್ಚಿ, ಟಿಪ್ಪಣಿಯ ಕಾಲಂ ಒಂದನ್ನು ತೋರಿಸಲು ಸಾಧ್ಯವೇ ಎಂದೂ ಕೇಳಬಹುದು. ಪರದೆ ತುಂಬ ಬರೀ ಆರ್‌ಎನ್‌ಆರ್, ಆರ್‌ಎನ್‌ಆರ್ ಎಂದಿದ್ದರೆ ಅಲ್ಲಿ ನಿಮ್ಮ ದಿನ ಹೇಗಿರುತ್ತದೆ ಎಂದು ಊಹಿಸಿಕೊಳ್ಳಬಹುದು. ಸಂಬಳವನ್ನೂ ಕೇಳಿ. ಅದರಲ್ಲಿ ತಿಂಗಳಿಗೆ ಖಚಿತವಾಗಿ ಬರುವುದೆಷ್ಟು, ಗುರಿ ಮುಟ್ಟಿದರೆ ಮಾತ್ರ ಬರುವುದೆಷ್ಟು ಎಂದು ಬಿಡಿಬಿಡಿಯಾಗಿ ಬರೆಸಿಕೊಳ್ಳಿ.